ತುಪ್ಪುಳಿನ ಜಾಕೆಟ್ಟೂ ಬಿಸಿ ಮುದ್ದೆಯೂ

ಕೆಂಗೇರಿ ಉಪನಗರದ ನಮ್ಮ ಮನೆಯಲ್ಲಿ, ಮದುವೆಯಾದ ಮೇಲೆ ನಾನು ವಾದ ಗೆದ್ದದ್ದು ಒಂದೇ ಒಂದು ಸಲ. ಆ ದಿಗ್ವಿಜಯವನ್ನು ನಿಮಗಾದರೂ ಹೇಳಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಆಫೀಸಿನ ಗೆಳೆಯರೊಂದಿಗೆ ಹಿಮಾಲಯ ಹತ್ತಲು ಹೊರಟವನು ಬಾತುಕೋಳಿಯ ತುಪ್ಪುಳು ತುಂಬಿದ ಜಾಕೆಟ್ ತರಿಸಿದ್ದೆ. ಹೆಂಡತಿ ಕೀರ್ತನಾ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

“ಏನ್ರೀ ಇದು, ಒಳ್ಗೆ ಏನೂ ಇಲ್ವಲ್ಲ! ಪುಕ್ಕಟೆ ಸಿಗೋ ಪುಕ್ಕಕ್ಕೆ ದುಡ್ಡು ಸುರಿದ್ರಾ?”

“ಪುಕ್ಕ ಅಲ್ಲ ಕಣೇ, ತುಪ್ಪುಳು! ಪುಕ್ಕಕ್ಕೆ ಮಧ್ಯೆ ಗಟ್ಟಿ ಕಡ್ಡಿ ಇರುತ್ತೆ. ಇದಕ್ಕೆ ಆ ಥರ ಕಡ್ಡಿ ಇಲ್ಲ. ಒಂದು ಚುಕ್ಕಿಯಿಂದ ಸುತ್ತಲೂ ನವಿರಾದ ಎಳೆ, ಆ ಎಳೆಗಳಿಗೆ ಇನ್ನೂ ಸಣ್ಣ ಎಳೆ. ಅದರೊಳಗೆ ಗಾಳಿ ಸಿಕ್ಕಿಹಾಕ್ಕೊಳ್ಳುತ್ತೆ. ಅಲ್ಲಾಡದ ಗಾಳಿ ಬಿಸೀನ ಆಚೆ ಬಿಡಲ್ಲ.”

“ಅಂದ್ರೆ ಗಾಳಿ ಕೊಂಡ್ಕೊಂಡು ಬಂದಿದೀರ!”

ಅಷ್ಟರಲ್ಲಿ ನಮ್ಮ ಜೊತೆಯೇ ಇರುವ ಅತ್ತೆ ಅಕ್ಕಯ್ಯಮ್ಮ ಕರಿ ಕಂಬಳಿ ಹೊದ್ದು ರಣರಂಗಕ್ಕೆ ಇಳಿದರು. (ಅದು ಅವರ ಮದುವೆ ಕಾಲದ್ದು. ಮಾವ ಹೋದರು, ಕಂಬಳಿ ಉಳಿಯಿತು.)

“ಅಳಿಯಂದ್ರೇ, ಕುರಿ ಉಣ್ಣೆ ಮುಂದೆ ಬಾತುಕೋಳಿ ಯಾವ ಲೆಕ್ಕ?”

ಕೊನೆಗೆ ಕೀರ್ತನಾ ತೀರ್ಪು ಕೊಟ್ಟಳು: ಪರೀಕ್ಷೆ ಆಗಲಿ. ನಾನು ಸೋತರೆ ಜಾಕೆಟ್ ವಾಪಸ್, ಹಿಮಾಲಯವೂ ರದ್ದು.

ಪರೀಕ್ಷೆಗೆ ಆಯ್ಕೆಯಾದದ್ದು ರಾಗಿ ಮುದ್ದೆ. ಒಂದೇ ಪಾತ್ರೆಯಲ್ಲಿ ತೊಳಸಿದ ಎರಡು ಮುದ್ದೆ, ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ. ಒಂದಕ್ಕೆ ಅತ್ತೆ ಕಂಬಳಿ ಸುತ್ತಿದರು. ಇನ್ನೊಂದಕ್ಕೆ ನಾನು ಜಾಕೆಟ್ ತೊಡಿಸಿ, ಜಿಪ್ ಎಳೆದು, ತೋಳುಗಳನ್ನು ಕಟ್ಟಿದೆ. ಅತ್ತೆ ಕಂಬಳಿಯನ್ನು ಒತ್ತಿದ್ದೇ ಒತ್ತಿದ್ದು. ನಾನು ಮಾತ್ರ ಜಾಕೆಟ್ಟನ್ನು ಉಬ್ಬಿಕೊಂಡಿರಲು ಬಿಟ್ಟು ದೂರ ನಿಂತೆ. (ಒತ್ತಿದರೆ ಗಾಳಿ ಹೋಗುತ್ತದೆ, ಗಾಳಿ ಹೋದರೆ ಹಿಮಾಲಯ ಹೋಗುತ್ತದೆ.)

ಅತ್ತೆಯ ಧಾರಾವಾಹಿಗಳೆಲ್ಲ ಮುಗಿದ ಮೇಲೆ ಕೆಳಗಿನ ಮನೆಯ ಕಲ್ಯಾಣಮ್ಮನನ್ನು ತೀರ್ಪುಗಾರರಾಗಿ ಕರೆಸಿ ಡಬ್ಬಿ ತೆರೆದೆವು. ಕಂಬಳಿಯ ಮುದ್ದೆ ಉಗುರುಬೆಚ್ಚಗಿತ್ತು. ಜಾಕೆಟ್ಟಿನ ಮುದ್ದೆಗೆ ಬೆರಳಿಟ್ಟ ಕಲ್ಯಾಣಮ್ಮ “ಅಯ್ಯಪ್ಪಾ!” ಎಂದು ಬೆರಳನ್ನು ಬಾಯಿಗಿಟ್ಟುಕೊಂಡರು. ಹಬೆ ಏಳುತ್ತಿತ್ತು!

ನಾನು ಮೀಸೆ ತಿರುವಿದೆ. ಕೀರ್ತನಾ ಸಾರು ಬಡಿಸಿದಳು. ಅತ್ತೆ ಎರಡೂ ಕೈ ಎತ್ತಿ, “ಒಪ್ಕಂಡೆ ಅಳಿಯಂದ್ರೇ, ನೀವೇ ಗೆದ್ರಿ” ಎಂದರು. ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಮರುದಿನ ಆಫೀಸಿನಿಂದ ಬಂದು ನೋಡಿದರೆ ಜಾಕೆಟ್ ಇಲ್ಲ!

“ಅಮ್ಮ ಇಲ್ಲೇ ಉಲ್ಲಾಳ ಉಪನಗರದಲ್ಲಿರೋ ದೊಡ್ಡಣ್ಣ ಮಾವನ ಮನೇಗೆ ಹೋಗಿದಾರೆ” ಎಂದಳು ಕೀರ್ತನಾ. “ಮಾವಂಗೆ ತಂಗಿ ಕೈ ಮುದ್ದೆ ಅಂದ್ರೆ ಪ್ರಾಣ. ಬಸ್ಸಲ್ಲಿ ಹೋಗೋಷ್ಟ್ರಲ್ಲಿ ಯಾವಾಗ್ಲೂ ತಣ್ಣಗಾಗ್ತಿತ್ತು. ಇವತ್ತು ನಿಮ್ ಜಾಕೆಟ್ ಹಾಕಿ ಕಳಿಸಿದೀನಿ.”

“ಮುದ್ದೆಗಾ? ಮತ್ತೆ ನಾನು?”

“ನೀವೇ ತಾನೇ ಗೆದ್ದಿದ್ದು?”

ಅಷ್ಟರಲ್ಲಿ ಫೋನ್ ಬಂತು. ದೊಡ್ಡಣ್ಣ ಮಾವ!

“ಅಳಿಯಂದ್ರೇ! ಮುದ್ದೆ ಈಗ್ಲೇ ಒಲೆ ಮೇಲಿಂದ ಇಳ್ಸಿದಂಗಿತ್ತು ಕಣ್ರೀ. ಜಾಕೆಟ್ ಇಲ್ಲೇ ಮಡಿಕ್ಕಂಡಿದೀನಿ, ಬೇಜಾರ್ ಮಾಡ್ಕಬ್ಯಾಡಿ. ಆಮ್ಯಾಕೆ, ಇದ್ರುದ್ದೇ ಪ್ಯಾಂಟೂ ಬರ್ತದಂತಲ್ಲ? ಅದೊಂದು ತರ್ಸಿ. ಒಂದ್ ಕಾಲಿಗೆ ಸಾರು, ಇನ್ನೊಂದ್ ಕಾಲಿಗೆ ಅನ್ನ!”