ಪಲ್ಯದಲ್ಲಿ ಏನೋ ಕಮ್ಮಿ

...ಅಥವಾ ಅದು ಹುರುಳಿಕಾಯಿ ಪಲ್ಯವೇ ಆಗಿರಲಿಲ್ಲವೇನೋ. ನನ್ನ ನೆನಪು ಮನೆ ಬಿಡುವ ಬಾಡಿಗೆದಾರನ ಹಾಗೆ, ತನ್ನದಲ್ಲದ ಸಾಮಾನನ್ನೂ ಕಟ್ಟಿಕೊಂಡು ಹೊರಡುತ್ತದೆ. ಎಪ್ಪತ್ತರ ದಶಕ, ತಿರುವನಂತಪುರದ ಉಳ್ಳೂರಿನಲ್ಲಿ ನಮ್ಮ ಮನೆ. ಇಷ್ಟಕ್ಕೆ ಮಾತ್ರ ನಾನು ಜವಾಬ್ದಾರ.

ಕೊಚ್ಚಿಯಲ್ಲಿ ಎಂ.ಎ. ಓದುತ್ತಿದ್ದ ಅಣ್ಣನ ಮಗಳು ಸುಮಿತ್ರ ಬಂದಿಳಿದಳು. ವರ್ಗವಾಗಿ ಬಂದ ಕನ್ನಡದವರ ಅಡುಗೆ ಕೇರಳದಲ್ಲಿ ಎಷ್ಟು ಬದಲಾಗಿದೆ ಎಂಬುದು ಅವಳ ಪ್ರಬಂಧದ ವಿಷಯ. ಸಂದರ್ಶನದಿಂದ ನಿಜ ಸಿಗುತ್ತದೆಂದು ತೋರಿಸು, ಇಲ್ಲವಾದರೆ ಬೇರೆ ವಿಷಯ ಹುಡುಕಿಕೋ ಎಂದಿದ್ದರಂತೆ ಅವಳ ಪ್ರೊಫೆಸರು. ವಿಷಯ ಬದಲಾದರೆ ಅವಳ ವರ್ಷವೇ ದಂಡ. ಹಾಗಾಗಿ ಪ್ರಯೋಗಕ್ಕೆ ನಮ್ಮದೇ ಮೊದಲ ಮನೆ.

"ಚಿಕ್ಕಮ್ಮ, ಒಗ್ಗರಣೆಗೆ ಯಾವ ಎಣ್ಣೆ?"

"ಕಡಲೆಕಾಯಿ ಎಣ್ಣೆ ಕಣೇ. ಮೈಸೂರಿಂದ ಡಬ್ಬ ತರಿಸ್ತೀವಿ. ಕೊಬ್ಬರಿ ಎಣ್ಣೆ ಏನಿದ್ರೂ ತಲೆಗೆ."

ಹೀಗೆನ್ನುವಾಗ ನನ್ನ ಹೆಂಡತಿ ಲಲಿತೆಯ ಕೈಯಲ್ಲಿ, ಕೊಬ್ಬರಿ ಎಣ್ಣೆಯಲ್ಲೇ ಕರಿದ ಬಾಳೆಕಾಯಿ ಚಿಪ್ಸಿನ ತಟ್ಟೆಯಿತ್ತು. ತವರಿನ ಮರ್ಯಾದೆಯ ಮುಂದೆ ಚಿಪ್ಸು ಯಾವ ಲೆಕ್ಕ? "ನನಗಂತೂ ಅದರ ವಾಸನೆಯೇ ಆಗಲ್ಲ" ಎಂದು ನಾನೂ ದನಿಗೂಡಿಸಿದೆ. ಆಫೀಸಿನ ಕ್ಯಾಂಟೀನಿನಲ್ಲಿ ದಿನಾ ಅದೇ ಎಣ್ಣೆಯ ಬಾಳೆಹಣ್ಣಿನ ಬಜ್ಜಿ ತಿಂದು ಬರುವ ವಿಜ್ಞಾನಿ ನಾನು.

ಸುಮಿತ್ರ ಒಂದು ಚಿಪ್ಸನ್ನು ಮೂಸಿ ನೋಡಿ ಬಾಯಿಗೆ ಹಾಕಿಕೊಂಡಳು. "ನಿಮ್ಮನ್ನ ಕೇಳಿ ಪ್ರಯೋಜನ ಇಲ್ಲ. ಅಡುಗೆಮನೆಯಲ್ಲೇ ಕೂತು ನೋಡ್ತೀನಿ."

ಅಳತೆಯೇ ಕಸುಬಾದ ನಾನು ಅದೇ ಸರಿಯೆಂದು ಬೆನ್ನು ತಟ್ಟಿದೆ. ಅವಳು ಕೂತಳು. ಲಲಿತೆ ಅಟ್ಟದಿಂದ ಮೈಸೂರಿನ ಡಬ್ಬ ಇಳಿಸಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ನಿಜವಾಗಿಯೂ ತಲೆಗೆ ಮಾತ್ರ.

ವಾರವಿಡೀ ನೋಡಿಯೂ ಏನೂ ಸಿಗದೆ, ವಿಷಯ ಬದಲಿಸುವುದೇ ಗತಿಯೆಂದು ಸುಮಿತ್ರ ಸಪ್ಪಗೆ ಚೀಲ ಕಟ್ಟಿದಳು. ಹೊರಡುವ ಮೊದಲು ಊಟಕ್ಕೆ ಕೂತೆವು. ನನ್ನ ಬಾಯಿ ನನ್ನನ್ನು ಕೇಳದೆಯೇ ಆಡಿತು: "ಯಾಕೋ ಈ ವಾರವೆಲ್ಲ ಪಲ್ಯದಲ್ಲಿ ಏನೋ ಕಮ್ಮಿ ಕಣೇ. ಮೊದಲಿನ ಘಮ ಇಲ್ಲ."

ಲಲಿತೆಯ ಸೌಟು ನಡುದಾರಿಯಲ್ಲೇ ನಿಂತಿತು. "ಬಸ್ಸು ಹೊರಡೋ ತನಕ ಸುಮ್ಮನಿರೋಕೆ ಆಗ್ಲಿಲ್ವಾ ನಿಮಗೆ?"

ಸುಮಿತ್ರ ಕೈಯಲ್ಲಿದ್ದ ತುತ್ತು ಬಿಟ್ಟು ನಕ್ಕಳು. "ಸಂದರ್ಶನವೇ ಸರಿ, ಚಿಕ್ಕಪ್ಪ. ಆದ್ರೆ ಎಣ್ಣೆ ಮಾತೇ ಎತ್ತಬಾರದು. ಊಟಕ್ಕೆ ಕೂತ ಗಂಡಸರನ್ನ ರುಚಿ ಹೇಗಿದೆ ಅಂತ ಕೇಳಿದ್ರೆ ಸಾಕು."

ಪ್ರೊಫೆಸರು ಒಪ್ಪಿದರು, ಅವಳು ಪಾಸಾದಳು. ನನ್ನ ನಾಲಿಗೆ ಒಂದು ಸಂಶೋಧನೆಗೆ ತಳಪಾಯವಾಯಿತೆಂದು ನಾನು ಎಲ್ಲೆಡೆ ಹೇಳಿಕೊಂಡು ತಿರುಗುತ್ತಿದ್ದೆ. ಮೊನ್ನೆ ಲಲಿತೆ ತರಕಾರಿ ಹೆಚ್ಚುತ್ತ ಹೇಳಿದಳು, "ಆ ಹುಡುಗಿ ಬೆನ್ನ ಹಿಂದೆ ಕೂತಿದ್ದ ಗಾಬರಿಗೆ ಇಂಗು ಹಾಕೋದೇ ಮರೀತಿದ್ದೆ."

ಕಮ್ಮಿಯಾಗಿದ್ದದ್ದು ಕೊಬ್ಬರಿ ಎಣ್ಣೆಯೋ ಇಂಗೋ, ನನಗೆ ಗೊತ್ತಿಲ್ಲ.