ಓನರಮ್ಮನ ಕಿವಿಗೆ ಬಿದ್ದ ಗಿಟಾರು

ಈ ಕತೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂದು ಬಹಳ ಯೋಚಿಸಿದೆ. ಸಂಗೀತ ನನಗೆ ತಿಳಿಯದು. ಹೆಡ್‌ಫೋನಿನ ವಿಷಯ ಅದಕ್ಕಿಂತಲೂ ತಿಳಿಯದು. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ, ಅದಕ್ಕೇ ಈ ಸಾಹಸ.

ಎಲ್ಲಕ್ಕೂ ಮೂಲ ಬೆರಳುದ್ದದ ಒಂದು ಕಡ್ಡಿ. ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವವನೊಬ್ಬನಿದ್ದ. ಅಕ್ಕಪಕ್ಕದವರು ಅವನನ್ನು ‘ಕನ್ನಡಕ’ ಎಂದೇ ಕರೆಯುತ್ತಿದ್ದರು. ತಲೆ ನರೆಯುವ ವಯಸ್ಸಿನಲ್ಲಿ ಅವನಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ಸ್ಪೀಕರ್ ಹಾಕಿ ನುಡಿಸಿದರೆ ತಗಡಿನ ಮೇಲೆ ಬೆಕ್ಕನ್ನು ಬಾಲ ಹಿಡಿದು ಎಳೆದಂತಿರುತ್ತಿತ್ತು. ಒಂದು ದಿನ ಮೇಲಿನ ಮನೆಯ ಓನರಮ್ಮ ಇಳಿದು ಬಂದರು.

“ಇನ್ನೊಂದು ಸಲ ಈ ಸದ್ದು ಕೇಳಿಸ್ತೋ, ಗಂಟುಮೂಟೆ ಕಟ್ಕೊಳ್ಳಿ, ಅಷ್ಟೇ.”

ಅಂಗಡಿಗೆ ನಡೆದು ಹೋಗುವಷ್ಟು ಹತ್ತಿರ, ನಲ್ಲಿಯಲ್ಲಿ ಯಾವಾಗಲೂ ನೀರು. ಅಂಥ ಮನೆ ಬಿಟ್ಟರೆ ಮತ್ತೆ ಸಿಗುವಂತಿರಲಿಲ್ಲ. ಗಿಟಾರನ್ನು ಬಿಡಲೂ ಮನಸ್ಸು ಬರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅವನು ವೈರ್‌ಲೆಸ್ ಹೆಡ್‌ಫೋನ್ ತಂದ. ಅದರ ಜೊತೆ ಬಂದ ಕಡ್ಡಿಯನ್ನು ಗಿಟಾರಿಗೆ ಸಿಕ್ಕಿಸಿದರೆ ನಾದವೆಲ್ಲ ನೇರ ಕಿವಿಗೆ. ಹೊರಗಿನವರಿಗೆ ಬಾಚಣಿಗೆಯ ಹಲ್ಲು ಮೀಟಿದಷ್ಟೇ ಸದ್ದು. ಹೆಡ್‌ಫೋನಿಗೆ ಇನ್ನೊಂದು ಗುಣವೂ ಇತ್ತು. ಒಮ್ಮೆ ಪರಿಚಯವಾದ ಫೋನು ಹತ್ತಿರ ಬಂದರೆ, ಅದು ಹಾಡಿದ್ದನ್ನೂ ಕೇಳಿಸುತ್ತಿತ್ತು. ಹಿಂದಿನ ಸಂಜೆಯಷ್ಟೇ ಅವನ ಹೆಂಡತಿ ಅದನ್ನು ತನ್ನ ಫೋನಿಗೆ ಹೊಂದಿಸಿಕೊಂಡು, ತರಕಾರಿ ಹೆಚ್ಚುತ್ತ ಧಾರಾವಾಹಿ ಕೇಳಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಅಕ್ಕನ ಮನೆಗೆ ಹೊರಟಳು. ಬಸ್ಸಿನಲ್ಲಿ ಕೇಳಲಿ ಎಂದು ಅವನು ಅವಳ ಫೋನಿಗೆ ಗಿಟಾರಿನ ಮಹಾವಿದ್ವಾಂಸರೊಬ್ಬರ ರೆಕಾರ್ಡಿಂಗ್ ಕಳಿಸಿದ. ‘ಒಂದು ದಿನ ನಾನೂ ಹೀಗೆ’ ಎಂದು ಕೆಳಗೆ ಬರೆದಿದ್ದ.

“ಆ ದಿನ ನನಗೂ ಒಂದು ಮಾತು ತಿಳ್ಸಿ, ಊರು ಬಿಡ್ತೀನಿ” ಎಂದು ನಗುತ್ತ ಅವಳು ಬಾಗಿಲೆಳೆದುಕೊಂಡು ಹೋದಳು.

ಕನ್ನಡಕ ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ ನುಡಿಸತೊಡಗಿದ. ಆದರೆ ಕಿವಿ ಮುಚ್ಚಿಕೊಂಡವನಿಗೆ ತನ್ನ ಬಾಯಿ ತೆರೆದಿರುವುದು ಗೊತ್ತಾಗುವುದಿಲ್ಲ. ತಂತಿ ಎಳೆದಾಗಲೆಲ್ಲ ಅವನ ಗಂಟಲೂ “ಊಂ… ಆಂ…” ಎಂದು ಎಳೆಯುತ್ತಿತ್ತು. ಬೆರಳು ತಪ್ಪಿದಾಗ “ಅಯ್ಯಯ್ಯೋ, ಹೋಯ್ತು!” ಎನ್ನುತ್ತಿದ್ದ. ತಾಳಕ್ಕೆ ಕಾಲು ಧಬ್ ಧಬ್ ಎಂದು ನೆಲ ಕುಟ್ಟುತ್ತಿತ್ತು.

ಕೆಳಗಿನ ಮನೆಯ ಟೈಲರ್ ಮಾವನ ತಲೆಯ ಮೇಲೆ ಸುಣ್ಣದ ಪುಡಿ ಉದುರಿತು. ಅವರು ಟೇಪನ್ನು ಕೊರಳಲ್ಲೇ ಹಾಕಿಕೊಂಡು ಮೆಟ್ಟಿಲೇರಿ ಬಂದರು. ಪಕ್ಕದ ಮನೆಯ ನರ್ಸಕ್ಕ ಆಗಲೇ ಬಾಗಿಲಿಗೆ ಕಿವಿಯಿಟ್ಟಿದ್ದರು.

“ಏನಕ್ಕ ಅದು?”

“ನರಳ್ತಾ ಇದಾರೆ. ಕೈಕಾಲು ಬಡೀತಾ ಇದಾರೆ.”

“ಹಲ್ಲುನೋವಿರ್ಬೇಕು.”

“ಹಲ್ಲುನೋವಿಗೆ ಕಾಲು ಯಾಕೆ ಬಡೀತಾರೆ ಮಾವ? ಇದು ಫಿಟ್ಸೇ!”

ಒಳಗಿನಿಂದ “ಹೋಯ್ತು! ಹೋಯ್ತು!” ಎಂಬ ಕೂಗು ಬಂತು. ಟೈಲರ್ ಮಾವ ಬಾಗಿಲು ಬಡಿದರು. ಗೋಡೆಗೆ ಬಡಿದಂತಾಯಿತು. ನರ್ಸಕ್ಕ ಅವನ ಹೆಂಡತಿಗೆ ಫೋನ್ ಮಾಡಿದರು. “ಎಲ್ಲಿದೀಯಮ್ಮ? ಬೀಗದ ಕೈ ತಗೊಂಡು ಓಡಿ ಬಾ. ಗಾಬರಿಯಾಗ್ಬೇಡ, ಆದ್ರೆ ಬೇಗ ಬಾ!” ಇಷ್ಟು ಕೇಳಿ ಗಾಬರಿಯಾಗದವರು ಯಾರು? ಅವಳು ದಾರಿಯಲ್ಲೇ ಬಸ್ಸಿಳಿದು ಆಟೋ ಹತ್ತಿದಳು. ಅವಳು ಬರುವ ಹೊತ್ತಿಗೆ ಓನರಮ್ಮನೂ ಇಳಿದು ಬಂದು, ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

ಬಾಗಿಲು ತೆರೆದದ್ದೇ ತಡ, ಟೈಲರ್ ಮಾವ ಒಳಗೆ ನುಗ್ಗಿ ಕನ್ನಡಕನನ್ನು ಹಿಂದಿನಿಂದ ಅಪ್ಪಿ ಹಿಡಿದರು. ನರ್ಸಕ್ಕ ಕಾಲು ಹಿಡಿದರು. ಗಿಟಾರು ಒಂದು ಕಡೆ, ಚಪ್ಪಲಿ ಒಂದು ಕಡೆ.

“ಕಳ್ಳ! ಕಳ್ಳ!” ಎಂದು ಕಿರುಚಿ ಕಣ್ಣು ಬಿಟ್ಟ ಕನ್ನಡಕ, ಹೆಡ್‌ಫೋನ್ ತೆಗೆದು ಎಲ್ಲರನ್ನೂ ನೋಡಿದ. “ಏನಾಯ್ತು? ಯಾರಿಗೇನಾಯ್ತು?”

“ನಿಮ್ಗೇ ರೀ!” ಎಂದು ಹೆಂಡತಿ ಅಳುತ್ತ ಗದರಿದಳು.

“ನಾನು ಗಿಟಾರ್ ಅಭ್ಯಾಸ ಮಾಡ್ತಿದ್ದೆ.”

“ಗಿಟಾರಾ?” ಓನರಮ್ಮ ಒಳಗೆ ಬಂದರು. “ಹೆರಿಗೆ ನೋವು ಅಂದಿದ್ರೂ ನಂಬ್ತಿದ್ದೆ. ಇನ್ನು ಸಾಕು. ಈ ತಿಂಗಳೇ ಮನೆ ಖಾಲಿ ಮಾಡಿ.”

ಕನ್ನಡಕ ಹೆಡ್‌ಫೋನನ್ನು ಅವರ ಮುಂದೆ ಹಿಡಿದ. “ಅಮ್ಮಾ, ಒಂದೇ ಒಂದು ಸಲ ಇದನ್ನ ಹಾಕ್ಕೊಂಡು ಕೇಳಿ. ಆಮೇಲೆ ನೀವು ಹೇಳ್ದಂಗೆ.”

ಓನರಮ್ಮ ಸತ್ತ ಇಲಿಯನ್ನು ಎತ್ತುವಂತೆ ಎರಡು ಬೆರಳಲ್ಲಿ ಹೆಡ್‌ಫೋನ್ ಎತ್ತಿ ಕಿವಿಗಿಟ್ಟುಕೊಂಡರು. ಅವನು ಗಿಟಾರು ಎತ್ತಿಕೊಂಡು, ಬಾಯಿಯನ್ನು ಬಿಗಿಯಾಗಿ ಮುಚ್ಚಿ ನುಡಿಸಿದ. ಕೋಣೆಯಲ್ಲಿ ಬಾಚಣಿಗೆಯ ಸದ್ದು. ಹೆಂಡತಿ ಬಾಗಿಲ ಬಳಿ ಬ್ಯಾಗಿನೊಳಗೆ ಕೈಯಿಟ್ಟು ನಿಂತಿದ್ದಳು.

ಓನರಮ್ಮನ ಹುಬ್ಬಿನ ಗಂಟು ಸಡಿಲಾಯಿತು. ತಲೆ ತೂಗಿತು. ಕಣ್ಣಂಚು ಒದ್ದೆಯಾಯಿತು. ಕನ್ನಡಕ ನಿಲ್ಲಿಸಿದ ಮೇಲೂ ಅವರ ತಲೆ ಸ್ವಲ್ಪ ಹೊತ್ತು ತೂಗುತ್ತಲೇ ಇತ್ತು.

“ಇಂಥ ಕೈ ಇಟ್ಕೊಂಡು ಕದ್ದು ನುಡಿಸ್ತಾರೇನ್ರೀ?” ಎಂದರು ಹೆಡ್‌ಫೋನ್ ತೆಗೆದು. “ಮನೆ ಎಲ್ಲೂ ಹೋಗಲ್ಲ. ಬರೋ ಭಾನುವಾರ ನಮ್ಮ ಯಜಮಾನ್ರ ಹುಟ್ಟುಹಬ್ಬ. ಮಹಡಿ ಮೇಲೆ ದೊಡ್ಡ ಸ್ಪೀಕರ್ ಹಾಕಿಸ್ತೀನಿ. ನೆಂಟರೆಲ್ಲ ಬರ್ತಾರೆ. ಇದನ್ನೇ ನುಡಿಸ್ಬೇಕು.”

“ಅಮ್ಮಾ, ನನಗೆ ಅಷ್ಟು ಜನರ ಮುಂದೆ ಆಗಲ್ಲ…”

“ಆಗಲ್ಲ ಅನ್ನೋರಿಗೆ ಮನೆ ಕೊಡೋಕೆ ನಂಗೂ ಆಗಲ್ಲ!” ಎಂದು ನಕ್ಕು, ಅವನ ಬೆನ್ನು ತಟ್ಟಿ ಹೋದರು. ನರ್ಸಕ್ಕನೂ ಟೈಲರ್ ಮಾವನೂ ಹಿಂದೆಯೇ ಹೋದರು.

ಕನ್ನಡಕ ಗಾಳಿಯಲ್ಲಿ ತೇಲುತ್ತಿದ್ದ. “ನೋಡಿದ್ಯಾ? ಕಣ್ಣಲ್ಲಿ ನೀರು ತರಿಸ್ದೆ!” ಎನ್ನುತ್ತ ಉರುಳಿದ ಚಪ್ಪಲಿ ತೆಗೆಯಲು ಮಂಚದ ಕೆಳಗೆ ಬಗ್ಗಿದ. ಅಲ್ಲಿ, ಚಪ್ಪಲಿಯ ಪಕ್ಕದಲ್ಲಿ, ಗಿಟಾರಿಗೆ ಸಿಕ್ಕಿಸಿದ್ದ ಕಡ್ಡಿ ಬಿದ್ದಿತ್ತು. ಟೈಲರ್ ಮಾವ ಅಪ್ಪಿದಾಗಲೇ ಕಿತ್ತು ಬಂದಿರಬೇಕು.

ಅವನು ಕಡ್ಡಿ ಹಿಡಿದು ಮೆಲ್ಲಗೆ ಎದ್ದ. “ಹಾಗಾದ್ರೆ ಅವರು ಕೇಳಿದ್ದು ಏನು?”

ಹೆಂಡತಿ ಬ್ಯಾಗಿನಿಂದ ಫೋನ್ ತೆಗೆದಳು. ಪರದೆಯ ಮೇಲೆ ಮಹಾವಿದ್ವಾಂಸರು ಇನ್ನೂ ನುಡಿಸುತ್ತಲೇ ಇದ್ದರು. ಅದರ ಕೆಳಗೆ ಅವನದೇ ಮಾತು: ‘ಒಂದು ದಿನ ನಾನೂ ಹೀಗೆ.’

“ಯಾವ ದಿನ ಅಂತ ಗೊತ್ತಾಯ್ತಲ್ಲ” ಎಂದಳು ಅವಳು. “ಬರೋ ಭಾನುವಾರ.”

ಬಸ್ಸಿನಲ್ಲಿ ಹಾಕಿದ್ದನ್ನು ಗಾಬರಿಯಲ್ಲಿ ನಿಲ್ಲಿಸಲು ಮರೆತೆ ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಬ್ಯಾಗಿನೊಳಗಿದ್ದ ಕೈ ಆ ಹೊತ್ತಿನಲ್ಲಿ ಏನು ಮಾಡುತ್ತಿತ್ತು ಎಂಬುದು ಮಾತ್ರ ನನಗೆ ಗೊತ್ತಿಲ್ಲ.