ದೂರಪ್ಪನ ಇಂಗ್ಲಿಷೂ ಮಿಕ್ಸಿಯ ಮುಚ್ಚಳವೂ

ಮಿಕ್ಸಿಯ ಮುಚ್ಚಳ ಹಾರಿ, ಟೊಮೆಟೊ ರಸವೆಲ್ಲ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಚಿಮ್ಮುವುದು ದೊಡ್ಡ ಸಾಹೇಬರು ಅಂಗಡಿಗೆ ಬರುವ ದಿನವೇ ಆಗಬೇಕೆ? ನಮ್ಮ ದೂರಪ್ಪನ ಹಣೆಬರಹವೇ ಅಂಥದ್ದು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಮಿಕ್ಸಿ, ಫ್ಯಾನು, ಫ್ರಿಜ್ಜು ಮಾರುವ ಅಂಗಡಿಯ ದೂರಿನ ಕೌಂಟರಿನಲ್ಲಿ ಕೂತೂ ಕೂತೂ ದೂರಪ್ಪನಾಗಿದ್ದ. ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುವುದೇ ಉದ್ಯೋಗ. ಅವನ ಕಣ್ಣೆಲ್ಲ ಮೇಲಿನ ಮಹಡಿಯ ಮೇಲೆ. ಅಲ್ಲಿ ಏಸಿ ಕೋಣೆಯ, ತಿರುಗುವ ಕುರ್ಚಿಯ, ಒಬ್ಬ ಗಿರಾಕಿಯೂ ಮೆಟ್ಟಿಲು ಹತ್ತಿ ಬಾರದ ಸೂಪರ್‌ವೈಸರ್ ಹುದ್ದೆ ಖಾಲಿ ಬಿದ್ದಿತ್ತು. ಸಾಹೇಬರು ಇವತ್ತು ಅದಕ್ಕೆ ಆಳನ್ನು ಆರಿಸುವವರಿದ್ದರು.

"ಇಂಗ್ಲಿಷ್ ಇಲ್ದೆ ಕುರ್ಚಿ ಸಿಗಲ್ಲಪ್ಪಾ" ಎಂದು ಹುಳ ಬಿಟ್ಟವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ವ್ಯಾಪಾರ ಮಾಡುವುದು ಹೇಗೆ, ಗಿರಾಕಿಯನ್ನು ಖುಷಿಪಡಿಸುವುದು ಹೇಗೆ ಎಂಬ ಇಂಗ್ಲಿಷ್ ಭಾಷಣಗಳನ್ನು ಮೊಬೈಲಿನಲ್ಲಿ ಹುಡುಕಿಕೊಟ್ಟವರೂ ಅವರೇ. ಒಂದು ತಿಂಗಳಿಂದ ದೂರಪ್ಪ ಅವನ್ನೇ ಕೇಳಿ, ಅವನ್ನೇ ಗಟ್ಟಿಯಾಗಿ ಒಪ್ಪಿಸುತ್ತಿದ್ದ. ಬಚ್ಚಲಲ್ಲೂ ಭಾಷಣವೇ.

"ತಿಂಗಳಿಂದ ಬಡ್ಕೋತಿದೀನಿ, ಈ ಮುಚ್ಚಳ ಸರಿ ಮಾಡ್ಕೊಡಿ ಅಂತ! ಕಿವಿಗೆ ಆ ವೈರು ತುರುಕ್ಕೊಂಡ್ರೆ ಹೆಂಡ್ತಿ ಮಾತು ಎಲ್ಲಿ ಕೇಳ್ಸುತ್ತೆ?" ಎಂದಳು ಹೆಂಡತಿ, ಮುಖದ ಟೊಮೆಟೊ ಒರೆಸಿಕೊಳ್ಳುತ್ತ.

ದೂರಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. "ಐ ಅಂಡರ್‌ಸ್ಟ್ಯಾಂಡ್ ಯುವರ್ ಫ್ರಸ್ಟ್ರೇಷನ್, ಮೇಡಂ. ಯುವರ್ ಫೀಡ್‌ಬ್ಯಾಕ್ ಈಸ್ ವ್ಯಾಲ್ಯುಯಬಲ್."

"ಮೇಡಂ ಅಂತೆ ಮೇಡಂ! ನಾನೂ ಗಿರಾಕಿಯಾಗಿ ಹುಟ್ಬೇಕಿತ್ತು."

"ಪದ ಎಳೀಬೇಡಪ್ಪಾ!" ಪಕ್ಕದ ಕಿಟಕಿಯಿಂದ ಮೇಷ್ಟ್ರು ಕೂಗಿದರು. "ನಾಲಿಗೆ ಮೇಲಕ್ಕೆ! ಇನ್ನೊಂದ್ಸಲ ಹೇಳು."

ಅಷ್ಟಕ್ಕೇ ಬಿಟ್ಟರೆ? ಗೇಟಿನಲ್ಲಿ ಅಡ್ಡ ನಿಂತು ಹತ್ತು ಸಲ ಹೇಳಿಸಿದರು. ಕಣ್ಣೆದುರೇ ಬಸ್ಸು ಹೋಯಿತು. ಭಾವಮೈದುನ ಬಿಟ್ಟುಹೋಗಿದ್ದ ಬಿಗಿ ಅಂಗಿಯಲ್ಲೇ ಓಡಿದ ದೂರಪ್ಪ ಅಂಗಡಿ ಮುಟ್ಟುವಷ್ಟರಲ್ಲಿ ಹೊಟ್ಟೆಯ ಮೇಲಿನ ಗುಂಡಿ ಕಿತ್ತುಹೋಗಿತ್ತು. ಮೇಷ್ಟ್ರನ್ನು ಮನಸಾರೆ ಶಪಿಸಿದ.

ಗೋಡೌನು ಕಾಯುವ ಗೊರಕೆಯಣ್ಣ ಆಗಲೇ ಅಂಗಡಿಯ ಮೂಲೆಯಲ್ಲಿ ಖಾಲಿ ಡಬ್ಬಗಳ ಮೇಲೆ ಮಲಗಿದ್ದ. ಕೌಂಟರಿನ ಮುಂದೆ ಒಬ್ಬ ಗಿರಾಕಿ ಫ್ಯಾನು ಹೊತ್ತು ನಿಂತಿದ್ದ.

"ಸರ್, ವಿ ಫೀಲ್ ಯುವರ್ ಪೇನ್. ನಿಮ್ಮ ನೋವು ನಮಗೆ ಅರ್ಥ ಆಗುತ್ತೆ" ಎಂದ ದೂರಪ್ಪ.

"ನೋವು ನನಗಲ್ಲ ಮಾರಾಯಾ, ಫ್ಯಾನಿಗೆ! ರೆಕ್ಕೆ ಮುರಿದಿದೆ, ಬದಲಾಯಿಸಿ ಕೊಡು!"

ಆತನನ್ನು ಹೇಗೋ ಸಾಗಹಾಕಿದನೋ ಇಲ್ಲವೋ, ದೊಡ್ಡ ಸಾಹೇಬರು ಒಳಗೆ ಬಂದರು. ಅವರ ಬೆನ್ನಿಗೇ ಚೀಲದಲ್ಲಿ ಮಿಕ್ಸಿ ಹಿಡಿದು ಬಂದವಳು ಯಾರು? ಅವನ ಹೆಂಡತಿ!

ದೂರಪ್ಪ ಬರಬೇಡವೆಂದು ಕಣ್ಸನ್ನೆ ಮಾಡಿದ. ತನ್ನ ಮನೆಯ ಮಿಕ್ಸಿಯನ್ನೇ ರಿಪೇರಿ ಮಾಡದವನೆಂದು ಗೊತ್ತಾದರೆ ಕುರ್ಚಿಗೆ ಎಳ್ಳುನೀರು. ಅವಳು ಗುರುತೇ ಇಲ್ಲದವಳಂತೆ ಮಿಕ್ಸಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. "ತಿಂಗಳಾಯ್ತು! ಇಲ್ಲಿ ಕೇಳೋರು ಯಾರಾದ್ರೂ ಇದಾರೋ ಇಲ್ವೋ?"

ಸಾಹೇಬರು ನಿಂತು ನೋಡತೊಡಗಿದರು. ದೂರಪ್ಪ ಹೊಟ್ಟೆಯನ್ನು ಫೈಲಿನಿಂದ ಮುಚ್ಚಿಕೊಂಡು ಎದ್ದ. ಕುರ್ಚಿ ಹಾಕಿದ, ನೀರು ಕೊಟ್ಟ, ತಿಂಗಳಿಡೀ ಕಲಿತ ಇಂಗ್ಲಿಷನ್ನೆಲ್ಲ ಸುರಿದ. ಅವಳು ಬೈದಷ್ಟೂ ತಲೆಯಾಡಿಸಿ ಕೇಳಿದ. ಕೊನೆಗೆ ಡ್ರಾಯರಿನಿಂದ ಹೊಸ ರಬ್ಬರ್ ಬಳೆ ತೆಗೆದು ಮುಚ್ಚಳಕ್ಕೆ ಹಾಕಿಕೊಟ್ಟ. ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಹೆಂಡತಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. "ನನ್ನ ಮಾತನ್ನ ಪೂರ್ತಿ ಕೇಳಿದೋರು ಇವರೊಬ್ರೇ ಸಾರ್. ಮನೇಲಿ ನಮ್ಮ ಯಜಮಾನ್ರಿಗೆ ಪಾಪ, ಕಿವಿ ಕೇಳ್ಸಲ್ಲ."

ಸಾಹೇಬರು ಚಪ್ಪಾಳೆ ತಟ್ಟಿದರು. ಮಾತಾಡಿದ್ದು ಮಾತ್ರ ಅಚ್ಚ ಕನ್ನಡದಲ್ಲಿ. "ಭೇಷ್! ಬೆಂಕಿಯಂಥ ಗಿರಾಕಿನ ಬೆಣ್ಣೆ ಮಾಡಿಬಿಟ್ರಲ್ರೀ! ನಿಮ್ಮಂಥೋರನ್ನ ಮೇಲೆ ಕೂರಿಸಿ ಹಾಳು ಮಾಡೋದುಂಟೇ? ಈ ಕೌಂಟರು ಇನ್ನು ಶಾಶ್ವತವಾಗಿ ನಿಮ್ದೇ. ನಮ್ಮ ಬೇರೆ ಅಂಗಡಿಗಳ ದೂರೂ ಇಲ್ಲಿಗೇ ಬರ್ಲಿ."

"ಸಾರ್, ಮತ್ತೆ... ಮೇಲಿನ ಕುರ್ಚಿ?"

"ಅಲ್ಲಿ ಮಾತಾಡೋ ಕೆಲಸವೇ ಇಲ್ಲ. ಸುಮ್ನೆ ಕೂರೋರು ಸಾಕು. ಅಲ್ಲಿ ಮಲಗಿದಾರಲ್ಲ, ಅವರನ್ನ ಎಬ್ಬಿಸಿ."

ಸಂಜೆ ಮನೆಗೆ ಬಂದ ದೂರಪ್ಪ ಚಪ್ಪಲಿಯನ್ನೂ ಬಿಡದೆ ಕುಸಿದು ಕೂತ. ಸಾಹೇಬರನ್ನು, ಗೊರಕೆಯಣ್ಣನನ್ನು, ಮೇಷ್ಟ್ರನ್ನು, ಕೊನೆಗೆ ಅಂಗಡಿಗೆ ಬಂದ ಹೆಂಡತಿಯನ್ನೂ ಸೇರಿಸಿ ಗಂಟಲು ಕಟ್ಟುವವರೆಗೆ ಬೈದ. ಅವಳು ನೀರು ತಂದುಕೊಟ್ಟಳು. ತಲೆಯಾಡಿಸಿ ಎಲ್ಲವನ್ನೂ ಕೇಳಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಐ ಅಂಡರ್‌ಸ್ಟ್ಯಾಂಡ್ ಯುವರ್ ಫ್ರಸ್ಟ್ರೇಷನ್, ಸರ್. ಯುವರ್ ಫೀಡ್‌ಬ್ಯಾಕ್ ಈಸ್ ವ್ಯಾಲ್ಯುಯಬಲ್."

"ಆಹಾ!" ಪಕ್ಕದ ಕಿಟಕಿಯಿಂದ ಮೇಷ್ಟ್ರ ದನಿ ಬಂತು. "ಇಂಗ್ಲಿಷ್ ಅಂದ್ರೆ ಇದು! ನೋಡಿ ಕಲ್ತ್ಕೋಪ್ಪಾ!"